ಮಣಿಕಟ್ಟಿನ ಗುರುತು

ಹೋದ ತಿಂಗಳು ವಾಷಿಂಗ್ಟನ್ ಪಕ್ಕದ ಲ್ಯಾನ್‌ಹ್ಯಾಮಿನ ದೇವಸ್ಥಾನದ ಕ್ಯಾಂಟೀನಿನಲ್ಲಿ ಪುಳಿಯೋಗರೆ ತಟ್ಟೆ ಇಟ್ಟುಕೊಂಡು ಕೂತಿದ್ದೆ. ನನ್ನ ಗೆಳತಿಯ ಮೊಮ್ಮಗಳು ಅನಘಾ ಬಂದು ಪಕ್ಕದಲ್ಲಿ ಕುಳಿತಳು. ಎಂಬತ್ತು ದಾಟಿದ್ದೇನೆ, ಆದರೂ ಈ ದೇಶದಲ್ಲಿ ನಾನು ಎಲ್ಲರಿಗೂ ಆಂಟಿಯೇ.

"ಆಂಟಿ, ಐ ಗಾಟ್ ಇನ್. ಫೊರೆನ್ಸಿಕ್ ಪೆಥಾಲಜಿ. ಜುಲೈನಲ್ಲಿ ಸ್ಟಾರ್ಟ್ ಮಾಡ್ತೀನಿ. ಅಜ್ಜಿ ಹೇಳಿದ್ರು, ನೀವು ಫುಲ್ ಲೈಫ್ ಅದೇ ಮಾಡಿದ್ರಿ ಅಂತ. ಎನಿ ಅಡ್ವೈಸ್?"

"ಮೊದಲು ಕಾಫಿ ತಂದುಕೊಡು," ಎಂದೆ. ತಂದಳು. ಕುಡಿದೆ. ಸುತ್ತ ಮಕ್ಕಳು ಓಡಾಡುತ್ತಿದ್ದವು, ಒಳಗೆ ಅಭಿಷೇಕ ನಡೆಯುತ್ತಿತ್ತು. ಅಂಥ ಕಡೆ ಕೊಲೆಯ ಮಾತು ಎಲ್ಲಿಂದ ಶುರು ಮಾಡುವುದು? "ಬರೆದು ಕಳಿಸ್ತೀನಿ," ಎಂದೆ.

"ಕನ್ನಡದಲ್ಲಿ ಬರೀತೀರಾ? ನಂಗೆ ಓದೋಕೆ ಬರಲ್ಲ ಆಂಟಿ."

"ನಿಮ್ಮಜ್ಜಿ ಓದಿ ಹೇಳ್ತಾಳೆ. ಅವಳಿಗೆ ಬೇರೇನು ಕೆಲಸ?"

ಕನ್ನಡದಲ್ಲೇ ಏಕೆಂದರೆ, ಇದನ್ನು ಇಂಗ್ಲಿಷಿನಲ್ಲಿ ಒಮ್ಮೆ ಹೇಳಿಯಾಗಿದೆ, ಪ್ರಮಾಣ ಮಾಡಿ, ನ್ಯಾಯಾಧೀಶರ ಎದುರು. ಆಗ ನನ್ನ ಧ್ವನಿ ಒಂದಿಷ್ಟೂ ನಡುಗಲಿಲ್ಲ. ಆ ಭಾಷೆಯಲ್ಲಿ ನನಗೆ ಅಳು ಬರುವುದಿಲ್ಲ.

ಯಾವ ವರ್ಷ ಯಾವ ಹುದ್ದೆ ಸಿಕ್ಕಿತು, ಗೋಡೆಗೆ ಯಾವ ಫಲಕ ಬಂತು ಎಂಬುದೆಲ್ಲ ನಿನಗೆ ಬೇಡ ಅನಘಾ. ಅದನ್ನೆಲ್ಲ ಮನೆ ಬದಲಿಸುವಾಗ ಒಂದು ರಟ್ಟಿನ ಪೆಟ್ಟಿಗೆಗೆ ಹಾಕಿದ್ದೆ, ಪೆಟ್ಟಿಗೆ ಇನ್ನೂ ಬಿಚ್ಚಿಲ್ಲ. ನಾನು ಕೆಲಸ ಕಲಿತ ಬಗೆ ಹೇಳುತ್ತೇನೆ. ಅದನ್ನು ಹೇಳದಿದ್ದರೆ ನಾನು ಮಾಡಿದ ತಪ್ಪು ನಿನಗೆ ಅರ್ಥವಾಗುವುದಿಲ್ಲ.

ನಾನು ಮರಣೋತ್ತರ ಪರೀಕ್ಷೆ ಮೊದಲು ನೋಡಿದ್ದು ಮೈಸೂರು ಸೀಮೆಯ ಒಂದು ಆಸ್ಪತ್ರೆಯಲ್ಲಿ. ಊರಿನ ಹೆಸರು ಬೇಡ. ಶವಾಗಾರ ಎಂದರೆ ಹಿಂದುಗಡೆ, ಬೇವಿನ ಮರದ ಆಚೆ, ತಗಡಿನ ಬಾಗಿಲಿನ ಒಂದು ಕೋಣೆ. ಅಲ್ಲಿ ಮುನಿಯ ಎಂಬ ಅಟೆಂಡರ್ ಇದ್ದ. ಕೊಯ್ಯುವವನು ಅವನು. ನಮ್ಮ ಪ್ರೊಫೆಸರರು ಬಾಗಿಲ ಹತ್ತಿರ ಮೂಗಿಗೆ ಕರವಸ್ತ್ರ ಹಿಡಿದು ನಿಂತು, "ಲಿವರ್ ತೋರಿಸು, ಹೊಟ್ಟೆ ತೋರಿಸು," ಎನ್ನುತ್ತಿದ್ದರು. ಅವನು ಎತ್ತಿ ತೋರಿಸುತ್ತಿದ್ದ. ನಾವು ಹುಡುಗ ಹುಡುಗಿಯರು ಬರೆದುಕೊಳ್ಳುತ್ತಿದ್ದೆವು. ಮುನಿಯನಿಗೆ ದೇಹದ ಬಗ್ಗೆ ನಮ್ಮೆಲ್ಲರಿಗಿಂತ ಹೆಚ್ಚು ಗೊತ್ತಿತ್ತು. ಆದರೆ ಅವನನ್ನು ಏನನ್ನಾದರೂ ಕೇಳಿದವರನ್ನು ನಾನು ಕಾಣೆ. ಅವನು ಕಾಗದ ಕೊಟ್ಟರೆ ಕೈಗೆ ಕೈ ತಾಗದ ಹಾಗೆ ಮೇಜಿನ ಮೇಲೆ ಇಡಬೇಕು, ನಾವು ಮೇಜಿನಿಂದ ತೆಗೆದುಕೊಳ್ಳಬೇಕು. ಹಾಗೆಂದು ಯಾರೂ ಹೇಳಿಕೊಟ್ಟಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಆ ದಿನಗಳಲ್ಲಿ ನಮ್ಮಮ್ಮ ನನಗೆ ಹಿತ್ತಲ ಬಾಗಿಲಲ್ಲೇ ಬಿಸಿನೀರು ಇಟ್ಟಿರುತ್ತಿದ್ದಳು. ತಲೆಗೆ ನೀರು ಹಾಕಿಕೊಳ್ಳದೆ ಒಳಗೆ ಬರುವ ಹಾಗಿರಲಿಲ್ಲ.

ಅರವತ್ತರ ದಶಕದ ಕೊನೆಗೆ, ಡಾಕ್ಟರುಗಳಿಗೆ ಅಮೆರಿಕದ ಬಾಗಿಲು ತೆರೆದಾಗ, ನಾನೂ ನಮ್ಮನೆಯವರೂ ವಾಷಿಂಗ್ಟನ್ ಹತ್ತಿರಕ್ಕೆ ಬಂದೆವು. ಅವರು ಜವಳಿ ಬಣ್ಣದ ಕೆಮಿಸ್ಟು. ನನಗೆ ತರಬೇತಿ ಸಿಕ್ಕಿದ್ದು ಡಾಕ್ಟರ್ ವಿಟ್ಲಾಕ್ ಎಂಬ ದಢೂತಿ ಮನುಷ್ಯರ ಕೈಕೆಳಗೆ. ಅವರು ತಾವೇ ರಬ್ಬರ್ ಏಪ್ರನ್ ಕಟ್ಟಿಕೊಂಡು, ತಾವೇ ಕೊಯ್ದು, ತಾವೇ ನೆಲ ತೊಳೆಯುತ್ತಿದ್ದರು. ಮೊದಲ ದಿನ ನಾನು ಬಾಗಿಲ ಹತ್ತಿರವೇ ನಿಂತಿದ್ದೆ. "ಹೆಣಕ್ಕೆ ಕಿವಿ ಕೇಳಿಸೋದಿಲ್ಲ, ಅಲ್ಲಿಂದ ಏನು ಮಾತಾಡ್ತೀಯಾ, ಹತ್ತಿರ ಬಾ," ಎಂದರು. ಹತ್ತಿರ ಹೋದೆ. ಚಾಕು ಕೊಟ್ಟರು. ಆರು ತಿಂಗಳಲ್ಲಿ ನನ್ನ ಕೈ ಕುದುರಿತು. ಚಾಕು ಹಿಡಿದ ಕೂಡಲೇ ನನ್ನ ಮೈಸೂರು ಬುದ್ಧಿ ಹೋಯಿತು ಎಂದುಕೊಂಡೆ. ಜಂಬ ನನಗೆ.

ವಿಟ್ಲಾಕರಿಗೆ ಒಂದು ಅಭ್ಯಾಸವಿತ್ತು. ಹೆಣ ತಂದ ಗಾಡಿಯವನನ್ನು ಕೂರಿಸಿಕೊಂಡು ಅವನ ಜೊತೆ ಒಂದು ಲೋಟ ಕಾಫಿ ಕುಡಿಯುವುದು. ಕೆಲಸ ಕಾಯುತ್ತಿದ್ದರೂ ಸರಿ. ಹವಾಮಾನ, ಬೇಸ್‌ಬಾಲ್, ಅವನ ಮೊಣಕಾಲು ನೋವು. ನಾನು ಏಪ್ರನ್ ಕಟ್ಟಿಕೊಂಡು ಒಳಗೆ ಹಲ್ಲು ಕಡಿಯುತ್ತಾ ನಿಂತಿರುತ್ತಿದ್ದೆ. ಈ ಮುದುಕನಿಗೆ ಹರಟೆಯ ಚಪಲ ಎಂದು ನಮ್ಮನೆಯವರ ಹತ್ತಿರ ಎಷ್ಟು ಸಲ ಆಡಿಕೊಂಡಿದ್ದೇನೋ. ಅವರಿಂದ ಬೇರೆ ಎಲ್ಲವನ್ನೂ ಕಲಿತೆ. ಅದೊಂದನ್ನು ಬಿಟ್ಟೆ.

ಮೊದಲ ಸಲ ಸಾಕ್ಷಿ ಹೇಳಲು ಹೋದಾಗ ಆದ ಫಜೀತಿಯನ್ನೂ ಹೇಳಿಬಿಡುತ್ತೇನೆ, ನಿನಗೆ ಸ್ವಲ್ಪ ನಗು ಬರಲಿ. ಕಂಚಿ ಸೀರೆ ಉಟ್ಟು ಹೋಗಿದ್ದೆ. ಪ್ರಮಾಣ ಮಾಡಿದ ಮೇಲೆ ಕುರ್ಚಿ ತೋರಿಸಿದರು. ದೊಡ್ಡವರು ಎದುರಿಗಿರುವಾಗ ಕೂರುವುದು ಹೇಗೆ ಎಂದು ನಾನು ಕೈಕಟ್ಟಿ ನಿಂತೇ ಇದ್ದೆ. ವಕೀಲ ಕೂರಿ ಎಂದ, ಕೂರಲಿಲ್ಲ. ಕೊನೆಗೆ ನ್ಯಾಯಾಧೀಶರೇ, "ಡಾಕ್ಟರ್, ನೀವು ನಿಂತಿದ್ದರೆ ನಾನೂ ಏಳಬೇಕಾಗುತ್ತೆ, ನನಗೆ ಬೆನ್ನು ನೋವು," ಎಂದರು. ಜೂರಿಯವರೆಲ್ಲ ನಕ್ಕರು. ಅವತ್ತಿನಿಂದ ಯಾವ ಜೂರಿ ಕೂತರೂ ನಾನು ಹೇಳಿದ್ದನ್ನೆಲ್ಲ ನಂಬಿದರು. ಜೂರಿ ಎಂದರೆ ಅಂಗಡಿಯವರು, ಮೇಷ್ಟ್ರು, ಗೃಹಿಣಿಯರು, ತೀರ್ಪು ಹೇಳುವ ಹನ್ನೆರಡು ಜನ. ಅವರಿಗೆ ನಾನು ಇಷ್ಟವಾಗುತ್ತಿದ್ದೆ. ಸೀರೆ ಉಟ್ಟು, ಮೆಲ್ಲಗೆ ಮಾತಾಡುವ ವಿನಯದ ಹೆಂಗಸು. ಅದು ಎಷ್ಟು ಅಪಾಯದ ಸಂಗತಿ ಎಂದು ಆಗ ನನಗೆ ಗೊತ್ತಿರಲಿಲ್ಲ.

ನಮ್ಮನೆಯವರಿಗೆ ಕ್ಯಾರೊಲಿನಾದ ಒಂದು ಗಿರಣಿಯಲ್ಲಿ ಕೆಲಸವಾಯಿತು. ನಾನೂ ಅಲ್ಲೇ ಸರ್ಕಾರದ ಶವಪರೀಕ್ಷೆಯ ಕೆಲಸಕ್ಕೆ ಸೇರಿದೆ. ಸುತ್ತಲಿನ ಕೌಂಟಿಗಳ, ಎಂದರೆ ಜಿಲ್ಲೆಗಳ, ಹೆಣಗಳು ನಮ್ಮ ಕಟ್ಟಡಕ್ಕೆ ಬರುತ್ತಿದ್ದವು. ಆಂಬುಲೆನ್ಸಿನಲ್ಲಿ ಅಲ್ಲ, ಆಯಾ ಊರಿನ ಶವಸಂಸ್ಕಾರದ ಮನೆಯವರ ಉದ್ದನೆಯ ಕಪ್ಪು ಗಾಡಿಗಳಲ್ಲಿ.

ಈಗ ಕಾನೂನಿನ ಮಾತು. ಇದನ್ನು ನೀನು ಹೇಗೂ ಓದುತ್ತೀಯಾ, ಆದರೂ ನನ್ನ ಬಾಯಲ್ಲಿ ಕೇಳು. ಕೊಂದದ್ದೆಲ್ಲ ಒಂದೇ ಅಲ್ಲ. ಮೊದಲೇ ನಿಶ್ಚಯಿಸಿ, ತಣ್ಣಗೆ ಯೋಚಿಸಿ ಕೊಂದರೆ ಅದು ಮೊದಲ ದರ್ಜೆಯ ಕೊಲೆ. ಎಷ್ಟು ಹೊತ್ತು ಯೋಚಿಸಿರಬೇಕು? ಗಳಿಗೆ ಸಾಕು ಎನ್ನುತ್ತದೆ ಕಾನೂನು. ವಿಷ ಹಾಕಿ, ಹೊಂಚು ಹಾಕಿ, ಕೂಡಿಹಾಕಿ, ಉಪವಾಸ ಕೆಡವಿ, ಚಿತ್ರಹಿಂಸೆ ಕೊಟ್ಟು ಕೊಂದರೂ ಮೊದಲ ದರ್ಜೆಯೇ. ಇನ್ನೊಂದಿದೆ. ಕಳ್ಳತನಕ್ಕೆ ಮನೆಗೆ ನುಗ್ಗಿದವನ ಕೈಯಲ್ಲಿ ಒಂದು ಜೀವ ಹೋದರೆ, ಕೊಲ್ಲುವ ಯೋಚನೆ ಅವನ ಕನಸಿನಲ್ಲಿ ಇರಲಿಲ್ಲ ಎಂದರೂ, ಅದೂ ಮೊದಲ ದರ್ಜೆ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಕೋರ್ಟು ನಮ್ಮನ್ನು ಕೇಳುತ್ತಿದ್ದದ್ದು ಎರಡೇ ಪ್ರಶ್ನೆ. ಹೇಗೆ ಸತ್ತರು, ಯಾವುದರಿಂದ. ಹತ್ತು ನಿಮಿಷದಲ್ಲಿ ಸಾಕ್ಷಿ ಮುಗಿಸಿ ಮನೆಗೆ ಬಂದು ಸಾರಿಗೆ ಬೇಳೆ ಇಡುತ್ತಿದ್ದೆ. ಎಪ್ಪತ್ತರ ದಶಕದಲ್ಲಿ ದೇಶದ ದೊಡ್ಡ ಕೋರ್ಟು ಹಳೆಯ ಮರಣದಂಡನೆಯ ಕಾನೂನುಗಳನ್ನು ಕಿತ್ತುಹಾಕಿತು. ರಾಜ್ಯಗಳು ಹೊಸದನ್ನು ಬರೆದುಕೊಂಡವು. ವಿಚಾರಣೆ ಎರಡು ಭಾಗವಾಯಿತು. ಮೊದಲ ಭಾಗದಲ್ಲಿ ತಪ್ಪಿತಸ್ಥನೋ ಅಲ್ಲವೋ. ಎರಡನೆಯದರಲ್ಲಿ ಬದುಕಬೇಕೋ ಸಾಯಬೇಕೋ. ಸಾಯಿಸಬೇಕೆಂದರೆ ಅಪರಾಧವನ್ನು ಇನ್ನಷ್ಟು ಘೋರ ಮಾಡುವ ಸಂಗತಿಗಳಲ್ಲಿ ಒಂದಾದರೂ ರುಜುವಾತಾಗಬೇಕು. ಅದಕ್ಕೊಂದು ಪಟ್ಟಿ. ಆ ಪಟ್ಟಿಯಲ್ಲಿ ಒಂದು, ಕೊಲೆ ವಿಶೇಷವಾಗಿ ಕ್ರೂರವೂ ಹೇಯವೂ ಆಗಿತ್ತು ಎಂಬುದು. ಅಲ್ಲಿಂದ ನಮ್ಮ ಕೆಲಸವೇ ಬದಲಾಯಿತು. ಎಷ್ಟು ಹೊತ್ತು ನರಳಿದರು, ಎಚ್ಚರವಿತ್ತೇ, ಹೆದರಿದ್ದರೇ ಎಂದು ಕೇಳತೊಡಗಿದರು. ಸಾವಿಗೆ ಕಾರಣ ಹೇಳುವ ಹೆಂಗಸು ನೋವು ಅಳೆಯುವವಳಾದೆ. ಅದಕ್ಕೆ ನಮಗೆ ಯಾವ ಕಾಲೇಜಿನಲ್ಲೂ ಪಾಠವಾಗಿರಲಿಲ್ಲ.

ಮಿಸೆಸ್ ಪ್ರಿಚರ್ಡ್ ಎಂಬ ಎಪ್ಪತ್ತು ದಾಟಿದ ಪಿಯಾನೊ ಮೇಡಂ ಒಂದು ಸಣ್ಣ ಊರಿನಲ್ಲಿ ಒಂಟಿಯಾಗಿದ್ದರು. ರೇಮಂಡ್ ಎಂಬ ಇಪ್ಪತ್ತೆರಡರ ಹುಡುಗ ಅವರ ಹುಲ್ಲು ಕತ್ತರಿಸುತ್ತಿದ್ದ. ಒಂದು ಭಾನುವಾರ ಅವರು ಚರ್ಚಿಗೆ ಹೋಗಿರುತ್ತಾರೆಂದು ಟೆಲಿವಿಷನ್ ಕದಿಯಲು ಹಿಂಬಾಗಿಲಿನಿಂದ ನುಗ್ಗಿದ. ಅವರಿಗೆ ನೆಗಡಿಯಾಗಿ ಮನೆಯಲ್ಲೇ ಇದ್ದರು. ಗುರುತು ಹಿಡಿದು ಹೆಸರು ಕೂಗಿದರು. ಅಲ್ಲೇ ಇದ್ದ ಇಸ್ತ್ರಿಪೆಟ್ಟಿಗೆಯಿಂದ ಒಂದು ಏಟು ಹೊಡೆದ. ಅವರು ಬಿದ್ದರು. ಇವನು ಓಡಿದ. ಸಂಜೆಯೊಳಗೆ ಸಿಕ್ಕಿಬಿದ್ದು ಎಲ್ಲವನ್ನೂ ಒಪ್ಪಿಕೊಂಡ.

ಸೋಮವಾರ ಬೆಳಿಗ್ಗೆ ಆ ಊರಿನ ಕಪ್ಪು ಗಾಡಿ ಬಂತು. ಅಲ್ಲಿಂದ ನಮಗೆ ಹೆಣ ಬರುವುದು ಅಪರೂಪ. ತಂದವನು ಆಟಿಸ್, ಅರವತ್ತರ ಆಸುಪಾಸಿನ ಕರಿಯ ಮನುಷ್ಯ, ಗರಿಗರಿ ಬಿಳಿ ಅಂಗಿ, ಕಪ್ಪು ಟೈ. ನಾನು ಅವನನ್ನು ನೋಡಿದ್ದು ಅದೇ ಮೊದಲು. ಸ್ಟ್ರೆಚರ್ ತಳ್ಳಿಕೊಂಡು ಬಂದು, ಟೋಪಿ ಕೈಯಲ್ಲಿ ಹಿಡಿದು, ಬಾಗಿಲ ಹತ್ತಿರವೇ ನಿಂತ.

"ಡಾಕ್ಟರ್ ಮ್ಯಾಮ್, ಇವರ ವಿಷಯ ಒಂದು ಮಾತು ಹೇಳಬೇಕಿತ್ತು."

ನಾನು ತಲೆಯೆತ್ತಲಿಲ್ಲ. "ಫಾರ್ಮ್ ಮೇಜಿನ ಮೇಲಿಟ್ಟು ಹೋಗಿ," ಎಂದೆ.

ಅವನು ಇಟ್ಟು ಹೋದ. ನಾನು ಮೇಜಿನಿಂದ ತೆಗೆದುಕೊಂಡೆ.

ತಲೆಯ ಗಾಯ ಸ್ಪಷ್ಟವಾಗಿತ್ತು, ಸಾವಿಗೆ ಅದೊಂದೇ ಕಾರಣ. ಆದರೆ ಎರಡೂ ಮಣಿಕಟ್ಟಿನ ಸುತ್ತ ಎರಡು ಬೆರಳಗಲದ ಪಟ್ಟಿ ಕಾಣಿಸಿತು. ಚರ್ಮ ತಗ್ಗಾಗಿ, ಒಣಗಿ, ಹಳದಿಗೆ ತಿರುಗಿತ್ತು. ಕಟ್ಟಿದ ಗುರುತು ಎಂಬುದರಲ್ಲಿ ಅನುಮಾನವಿರಲಿಲ್ಲ. ಬದುಕಿದ್ದಾಗ ಕಟ್ಟಿದ್ದಾದರೆ ಅಡಿಯಲ್ಲಿ ರಕ್ತ ಒಸರಿರುತ್ತದೆ. ಅದನ್ನು ನೋಡಲು ಒಂದು ತುಂಡು ಚರ್ಮ ತೆಗೆದು ಫಾರ್ಮಲಿನ್ ಸೀಸೆಗೆ ಹಾಕಿದೆ. ಅದನ್ನು ಸ್ಲೈಡ್ ಮಾಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕಿತ್ತು. ಸಾವಿಗೆ ಕಾರಣ ಗೊತ್ತೇ ಇದೆಯಲ್ಲ, ಹುಡುಗ ಒಪ್ಪಿಕೊಂಡಿದ್ದಾನಲ್ಲ ಎಂದು ಸೀಸೆಯನ್ನು ಕಪಾಟಿಗೆ ಸೇರಿಸಿದೆ. ವರದಿಯಲ್ಲಿ "ಕೈ ಕಟ್ಟಿದ ಗುರುತು" ಎಂದು ಬರೆದೆ. ಒಂದು ಸಾಲು, ಅಷ್ಟೇ.

ಆ ಒಂದು ಸಾಲು ಸರ್ಕಾರಿ ವಕೀಲನಿಗೆ ಸಿಕ್ಕಿತು. ಮೊದಲ ದರ್ಜೆ ಎಂಬುದರಲ್ಲಿ ವಾದವೇ ಇರಲಿಲ್ಲ. ಮನೆ ನುಗ್ಗಿದ್ದ, ಸಾವಾಗಿತ್ತು, ಮುಗಿಯಿತು. ವಕೀಲನಿಗೆ ಆ ಸಾಲು ಬೇಕಿದ್ದದ್ದು ಎರಡನೆಯ ಭಾಗಕ್ಕೆ. ಹೆದರಿ ಹೊಡೆದ ಒಂದು ಏಟಿಗೆ ಹನ್ನೆರಡು ಜನ ಪ್ರಾಣ ತೆಗೆಯಿರಿ ಎನ್ನುವುದಿಲ್ಲ. ಮುದುಕಿಯ ಕೈ ಕಟ್ಟಿ ಕೂರಿಸಿ, ನೋಡುತ್ತಾ ಕೊಂದ ಎಂದರೆ ಆಗ ಬೇರೆ.

ನಾನು ಕುರ್ಚಿಯಲ್ಲಿ ಕೂತಿದ್ದೆ. ಅಷ್ಟು ಹೊತ್ತಿಗೆ ಕೂರುವುದು ಕಲಿತಿದ್ದೆ.

"ಡಾಕ್ಟರ್, ಮಣಿಕಟ್ಟಿನ ಮೇಲೆ ಏನು ಕಂಡಿರಿ?"

"ಬಟ್ಟೆಯಂಥದ್ದರಿಂದ ಬಿಗಿದು ಕಟ್ಟಿದ ಗುರುತು."

"ಎರಡೂ ಕೈಗೆ?"

"ಎರಡೂ ಕೈಗೆ."

"ಆಗ ಅವರು ಬದುಕಿದ್ದರೇ?"

ಇಲ್ಲಿ ನಿಲ್ಲಬೇಕಿತ್ತು ಅನಘಾ. ಗೊತ್ತಿಲ್ಲ, ಸ್ಲೈಡ್ ನೋಡಿಲ್ಲ ಎನ್ನಬೇಕಿತ್ತು. ಆದರೆ ಜೂರಿಯ ಮುಂದಿನ ಸಾಲಿನಲ್ಲಿದ್ದ ಹೆಂಗಸು ನನ್ನನ್ನೇ ಭಕ್ತಿಯಿಂದ ನೋಡುತ್ತಿದ್ದಳು. ಸತ್ತ ಮೇಲೂ ಯಾರಾದರೂ ಕೈ ಕಟ್ಟಿರಬಹುದು ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ನಮ್ಮ ತಂದೆ ತೀರಿಕೊಂಡಾಗ ಕಾಲಿನ ಹೆಬ್ಬೆರಳೆರಡನ್ನೂ ಸೇರಿಸಿ ದಾರ ಕಟ್ಟಿದ್ದನ್ನು ಕಣ್ಣಾರೆ ನೋಡಿದವಳು ನಾನು. ಕಟ್ಟಿದವರು ಯಾರೋ, ಅಂಥವರ ಕೆಲಸವನ್ನು ನಾವು ಗಮನಿಸುತ್ತಲೇ ಇರಲಿಲ್ಲ.

"ನನ್ನ ಅಭಿಪ್ರಾಯದಲ್ಲಿ, ಹೌದು," ಎಂದೆ.

ಹುಡುಗನ ಪರ ಕೋರ್ಟೇ ಕೊಟ್ಟ ವಕೀಲ, ಹೊಸಬ. "ಕಟ್ಟಿದ ಹಗ್ಗವಾಗಲಿ ಬಟ್ಟೆಯಾಗಲಿ ಸಿಕ್ಕಿತೇ?" ಎಂದು ಕೇಳಿದ. "ಅದನ್ನು ಪೊಲೀಸರನ್ನು ಕೇಳಿ," ಎಂದೆ. ಜೂರಿಯವರು ಮುಗುಳ್ನಕ್ಕರು. ಹಗ್ಗವನ್ನು ಹುಡುಗ ಜೊತೆಯಲ್ಲೇ ಒಯ್ದು ಎಸೆದಿದ್ದಾನೆ ಎಂದು ಸರ್ಕಾರಿ ವಕೀಲ ಸೇರಿಸಿದ. ಜೂರಿ ಒಂದು ಮಧ್ಯಾಹ್ನ ಕೂತು ಚರ್ಚಿಸಿ ಮರಣದಂಡನೆ ಎಂದಿತು.

ತೀರ್ಪಿನ ದಿನ ನಾನು ಬೇರೊಂದು ಕೇಸಿಗೆ ಅದೇ ಕೋರ್ಟಿನಲ್ಲಿದ್ದೆ. ಕಾರಿಡಾರಿನಲ್ಲಿ ಒಬ್ಬಾಕೆ ನನ್ನನ್ನು ತಡೆದಳು. ದಪ್ಪ ಮೈ, ಚರ್ಚಿಗೆ ಹೋಗುವ ನೀಲಿ ಹ್ಯಾಟು, ಕೈಯಲ್ಲಿ ಮಡಿಚಿದ ಬಿಳಿ ಕರವಸ್ತ್ರ. ವಿಚಾರಣೆಯ ಪ್ರತಿ ದಿನವೂ ಎರಡನೇ ಸಾಲಿನಲ್ಲಿ ಕೂತಿದ್ದವಳು.

"ಡಾಕ್ಟರ್, ನಾನು ಐಡಾ. ರೇಮಂಡನ ತಾಯಿ. ಸ್ಕೂಲಿನಲ್ಲಿ ಅಡುಗೆ ಮಾಡ್ತೀನಿ."

ಜನ ದಾಟಿಹೋಗಲೆಂದು ನಾನು ಗೋಡೆಯ ಪಕ್ಕಕ್ಕೆ ಸರಿದೆ. ಆಕೆಯೂ ಸರಿದಳು.

"ಅವನು ಹೊಡೆದ. ನನಗೆ ಗೊತ್ತು, ಅವನೇ ನನ್ನ ಕೈ ಹಿಡ್ಕೊಂಡು ಹೇಳಿದ. ಅದಕ್ಕೆ ಏನು ಶಿಕ್ಷೆ ಆದರೂ ಆಗಲಿ. ಆದರೆ ಕೈ ಕಟ್ಟಿಲ್ಲ ಅಮ್ಮಾ ಅಂತಾನೆ. ಆ ಮೇಡಂ ಅವನಿಗೆ ಪ್ರತಿ ಸಲ ನಿಂಬೆ ಶರಬತ್ತು ಕೊಡ್ತಿದ್ರು. ಅವರ ಕೈ ಕಟ್ಟೋನಲ್ಲ ನನ್ನ ಮಗ. ಆದರೆ ನೋಡಿದವರು ನೀವು. ನೀವು ಸುಳ್ಳು ಹೇಳೋರ ಥರ ಕಾಣೋದಿಲ್ಲ. ಹೇಳಿ, ಕಟ್ಟಿದ್ದನಾ?"

"ಕಟ್ಟಿದ್ದ, ಮ್ಯಾಮ್," ಎಂದೆ. ಮೆಲ್ಲಗೆ, ವಿನಯದಿಂದ.

ಆಕೆ ಅಳಲಿಲ್ಲ. ಕರವಸ್ತ್ರವನ್ನು ಇನ್ನೊಂದು ಮಡಿಕೆ ಮಡಿಚಿದಳು. "ಹಾಗಾದರೆ ನನ್ನ ಮುಖ ನೋಡಿಕೊಂಡೇ ಸುಳ್ಳು ಹೇಳಿದ," ಎಂದಳು. ನನಗೆ ಥ್ಯಾಂಕ್ಯೂ ಹೇಳಿ ಹೋದಳು.

ಅದಾಗಿ ಒಂದೂವರೆ ವರ್ಷದ ಮೇಲೆ ಆಟಿಸ್ ಇನ್ನೊಂದು ಹೆಣ ತಂದ. ಕ್ಷೌರದಂಗಡಿಯಲ್ಲಿ, ಮುಖದ ತುಂಬ ಸೋಪಿನ ನೊರೆ ಇದ್ದಾಗಲೇ, ಕುರ್ಚಿಯಲ್ಲಿ ಎದೆ ಹಿಡಿದುಕೊಂಡು ಸತ್ತ ನಿವೃತ್ತ ಪೋಸ್ಟ್‌ಮಾಸ್ಟರು. ಅಂಗಡಿ ತುಂಬ ಜನ ನೋಡುತ್ತಿದ್ದರು. ಹೃದಯ ನೋಡಿದೆ, ಕಾರಣ ಅಲ್ಲೇ ಇತ್ತು. ವರದಿ ಬರೆಯಲು ಪೆನ್ನು ತೆಗೆದಾಗ ಅವರ ಮಣಿಕಟ್ಟು ಕಣ್ಣಿಗೆ ಬಿತ್ತು. ಎರಡು ಬೆರಳಗಲದ ಪಟ್ಟಿ. ಹಳದಿ, ಒಣಗಿದ್ದು, ತಗ್ಗಾದದ್ದು. ಎರಡೂ ಕೈಗೆ.

ಕೈಗವಸು ಕಿತ್ತೆಸೆದು ಹೊರಗೆ ಓಡಿದೆ. ಆಟಿಸ್ ಗಾಡಿಯ ಪಕ್ಕ ನಿಂತು ಸಹಿಗಾಗಿ ಕಾಯುತ್ತಿದ್ದ. ನನ್ನನ್ನು ಕಂಡು ಟೋಪಿ ತೆಗೆದ.

"ಇವರ ಕೈ ಯಾರು ಕಟ್ಟಿದ್ದು?"

"ನಾನೇ ಮ್ಯಾಮ್." ಜೇಬಿನಿಂದ ಗಾಜ್ ಬಟ್ಟೆಯ ಸುರುಳಿ ತೆಗೆದು ತೋರಿಸಿದ. "ನಮ್ಮ ಕಡೆ ರಸ್ತೆ ಸರಿಯಿಲ್ಲ. ಗಾಡಿ ಎತ್ತಿಹಾಕಿದರೆ ಕೈ ಜಾರಿ ಸ್ಟ್ರೆಚರಿಂದ ಕೆಳಗೆ ಜೋತುಬೀಳುತ್ತೆ. ಸತ್ತವರಿಗೆ ಅದು ಮರ್ಯಾದೆಯಲ್ಲ. ಅದಕ್ಕೆ ಎದೆ ಮೇಲೆ ಇಟ್ಟು ಕಟ್ತೀನಿ. ಇಲ್ಲಿಗೆ ಬಂದು, ಒಳಗೆ ತಳ್ಳೋ ಮುಂಚೆ ಬಿಚ್ತೀನಿ. ನಮ್ಮಪ್ಪನೂ ಹಾಗೇ ಮಾಡ್ತಿದ್ದ."

"ಎಲ್ಲರಿಗೂ?"

"ಎಲ್ಲರಿಗೂ. ದಾರಿ ದೂರವಾದರೆ ಕೆಲವರಿಗೆ ಗುರುತು ಬೀಳುತ್ತೆ. ಪಿಯಾನೊ ಮೇಡಂಗೆ ಸ್ವಲ್ಪ ಬಿಗಿಯಾಗಿತ್ತು. ಅದನ್ನೇ ಹೇಳೋಣ ಅಂತ ಅವತ್ತು ಬಂದೆ." ಅವನು ಟೋಪಿಯ ಅಂಚನ್ನು ತಿರುಗಿಸುತ್ತಿದ್ದ. "ಫಾರ್ಮ್ ಇಟ್ಟು ಹೋಗಿ ಅಂದ್ರಿ. ಡಾಕ್ಟರಿಗೆ ಗೊತ್ತಿರುತ್ತೆ ಅಂದ್ಕೊಂಡೆ."

ಅವನ ಊರಿನಲ್ಲಿ ಜನರ ಸಿಟ್ಟು ಹೆಚ್ಚೆಂದು ವಿಚಾರಣೆಯನ್ನು ದೂರದ ಬೇರೆ ಕೌಂಟಿಯಲ್ಲಿ ನಡೆಸಿದ್ದರು. ಕೋರ್ಟಿನಲ್ಲಿ ನಾನು ಏನು ಹೇಳಿದೆ ಎಂದು ಅವನಿಗೆ ತಿಳಿದಿರಲಿಲ್ಲ. ನನ್ನ ಎರಡೂ ಕೈಯನ್ನು ಮುಂದೆ ಮಾಡಿದೆ. "ಹೇಗೆ ಕಟ್ಟುತ್ತೀರಿ, ತೋರಿಸಿ," ಎಂದೆ. ಅವನು ಒಂದು ಗಳಿಗೆ ಅನುಮಾನಿಸಿದ. ಆಮೇಲೆ ಸುರುಳಿ ಬಿಚ್ಚಿ, ಮಣಿಕಟ್ಟಿಗೆ ಎರಡು ಸುತ್ತು ಹಾಕಿ, ಮೃದುವಾಗಿ ಗಂಟು ಹಾಕಿದ. ಬೆಚ್ಚಗಿನ, ಒರಟು ಕೈ. ಮೈಸೂರಿನಲ್ಲಿ ಮುನಿಯನ ಕೈ ಹೇಗಿತ್ತೆಂದು ನನಗೆ ಇಂದಿಗೂ ಗೊತ್ತಿಲ್ಲ. ಗಾಡಿಯ ಪಕ್ಕದಲ್ಲೇ ನಿಂತು, ಕೈ ಕಟ್ಟಿಸಿಕೊಂಡು, ಅತ್ತೆ.

ಕಪಾಟಿನ ಸೀಸೆ ಅಲ್ಲೇ ಇತ್ತು. ಸ್ಲೈಡ್ ಮಾಡಿಸಿದೆ. ಎರಡು ದಿನ ಬೇಕಾಯಿತು. ನೋಡಿದೆ. ಒಂದು ಹನಿ ರಕ್ತವೂ ಒಸರಿರಲಿಲ್ಲ. ಮಿಸೆಸ್ ಪ್ರಿಚರ್ಡರ ಕೈ ಕಟ್ಟಿದ್ದು ಅವರು ಸತ್ತ ಮೇಲೆ. ಹುಡುಗ ತಾಯಿಗೆ ಹೇಳಿದ್ದು ನಿಜ.

ಅವತ್ತೇ ಪತ್ರ ಬರೆದು ಅವನ ವಕೀಲನಿಗೆ ಕಳಿಸಿದೆ ಎಂದು ಹೇಳಲು ನನಗೆ ತುಂಬ ಆಸೆ. ಸುಳ್ಳಾಗುತ್ತದೆ.

ನಮ್ಮನೆಯವರು ಕೆಟ್ಟವರಲ್ಲ, ಹೆದರುವವರು. ಊಟದ ಮೇಜಿನ ಮೇಲೆ ಎಲ್ಲ ಹೇಳಿದೆ. ಅವರು ಅನ್ನ ಕಲೆಸುವುದನ್ನು ನಿಲ್ಲಿಸಿದರು.

"ಸಿಟಿಜನ್‌ಶಿಪ್ ಇಂಟರ್‌ವ್ಯೂ ಬರೋ ತಿಂಗಳು ಇದೆ ಕಣೇ. ಪ್ರಮಾಣ ಮಾಡಿ ತಪ್ಪು ಹೇಳಿದೆ ಅಂತ ಈಗ ನೀನೇ ಬರೆದುಕೊಟ್ರೆ? ಅವರು ಏನ್ ಅರ್ಥ ಮಾಡ್ಕೋತಾರೋ. ಮೂರು ವಾರ ತಾನೆ. ಮುಗಿಸ್ಕೊಂಡು ಕಳಿಸು."

"ಅವನು ಸಾವು ಕಾಯ್ತಾ ಜೈಲಲ್ಲಿ ಕೂತಿದಾನೆ ರೀ."

"ಅಪೀಲು ಇನ್ನೂ ವರ್ಷಗಟ್ಟಲೆ ನಡೆಯುತ್ತೆ ಅಂತ ನೀನೇ ಹೇಳ್ತಿದ್ದೆ. ಮೂರು ವಾರದಲ್ಲಿ ಅವನಿಗೇನೂ ಆಗಲ್ಲ."

ಅದು ಸರಿಯಾಗಿಯೇ ಇತ್ತು. ಅವನಿಗೆ ಏನೂ ಆಗುತ್ತಿರಲಿಲ್ಲ. ನಾನು ಬಾಯಿಗೆ ಬೀಗ ಹಾಕಿಕೊಂಡೆ. ಮೂರು ವಾರ ಕೆಲಸಕ್ಕೆ ಹೋದೆ, ಬಂದೆ, ದೀಪ ಹಚ್ಚಿದೆ. ನಮ್ಮನೆಯವರನ್ನು ದೂರಿ ಏನು ಪ್ರಯೋಜನ? ಅವರು ಹೇಳಿದ್ದು ನನಗೂ ಬೇಕಾಗಿತ್ತು. ಗುರುವಾರ ಇಂಟರ್‌ವ್ಯೂ ಮುಗಿಯಿತು, ಚೆನ್ನಾಗಿಯೇ ಆಯಿತು. ಶುಕ್ರವಾರ ಬೆಳಿಗ್ಗೆ ಎಂಟು ಗಂಟೆಗೆ ರೇಮಂಡನ ವಕೀಲನಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ. ಅವನು ಬರೆದುಕೊಂಡ.

"ಇದನ್ನು ಅವನ ತಾಯಿಗೆ ಹೇಳಬೇಕು. ಇವತ್ತೇ ಹೇಳಬೇಕು," ಎಂದೆ.

"ಡಾಕ್ಟರ್, ಐಡಾ ಹೋದ ವಾರ ತೀರಿಕೊಂಡರು. ಸ್ಕೂಲಿನ ಅಡುಗೆಮನೆಯಲ್ಲೇ, ಸ್ಟ್ರೋಕ್."

ಅವನು ಮುಂದುವರಿಸಿದ. ತೀರ್ಪಿನ ದಿನದ ಮೇಲೆ ಆಕೆ ಮಗನನ್ನು ನೋಡಲು ಜೈಲಿಗೆ ಒಂದು ಸಲವೂ ಹೋಗಿರಲಿಲ್ಲವಂತೆ. ಅವನು ಬರೆದ ಕಾಗದಗಳನ್ನು ಬಿಚ್ಚದೆ ವಾಪಸು ಕಳಿಸುತ್ತಿದ್ದಳಂತೆ. ಕೊಂದದ್ದನ್ನು ದೇವರು ನೋಡಿಕೊಳ್ಳಲಿ, ನನ್ನ ಹತ್ತಿರ ಸುಳ್ಳು ಹೇಳಿದ್ದನ್ನು ನಾನು ಮರೆಯಲಾರೆ ಎಂದಿದ್ದಳಂತೆ. ಅಷ್ಟು ನಂಬಿದ್ದಳು ನನ್ನನ್ನು.

ಪತ್ರ ಬರೆದೆ. ಆಟಿಸ್ ಕೂಡ ಬರೆದುಕೊಟ್ಟ, ದುಂಡಗಿನ ಅಕ್ಷರದಲ್ಲಿ, ಟೈ ಕಟ್ಟಿಕೊಂಡು ಬಂದು ಸಹಿ ಹಾಕಿದ. ಶಿಕ್ಷೆಯ ವಿಚಾರಣೆ ಮತ್ತೆ ನಡೆಯಿತು. ನನ್ನನ್ನು ಅದೇ ಕುರ್ಚಿಯಲ್ಲಿ ಕೂರಿಸಿದರು. ಸ್ಲೈಡ್ ಏಕೆ ನೋಡಲಿಲ್ಲ ಎಂದು ಕೇಳಿದರು, ನೋಡಲಿಲ್ಲ ಎಂದೆ. ಗಾಡಿಯವನನ್ನು ಏಕೆ ಕೇಳಲಿಲ್ಲ ಎಂದರು. ಅದಕ್ಕೆ ನಿಜವಾದ ಉತ್ತರ ಹೇಳಬೇಕಾದರೆ ಬೇವಿನ ಮರದಾಚೆಯ ತಗಡಿನ ಬಾಗಿಲಿನಿಂದ ಶುರು ಮಾಡಬೇಕಿತ್ತು. "ಕೇಳುವುದು ನನ್ನ ಅಭ್ಯಾಸವಾಗಿರಲಿಲ್ಲ," ಎಂದೆ. ಸರ್ಕಾರ ಮರಣದಂಡನೆಯ ಬೇಡಿಕೆ ಕೈಬಿಟ್ಟಿತು. ಜೀವಾವಧಿಯಾಯಿತು. ಮೇಲಿನವರು ಒಂದಿಷ್ಟು ಬೈದರು, ನನ್ನ ಹಳೆಯ ವರದಿಗಳನ್ನೆಲ್ಲ ತೆಗೆಸಿ ನೋಡಿದರು. ಕೆಲಸ ಉಳಿಯಿತು, ಸಿಟಿಜನ್‌ಶಿಪ್ಪೂ ಉಳಿಯಿತು. ಮೂರು ವಾರ ಹೆದರಿ ಕೂತದ್ದೆಲ್ಲ ಏನೂ ಅಲ್ಲದ್ದಕ್ಕೆ.

ಅಲ್ಲಿಂದ ಮುಂದೆ ಕೆಲಸ ಬಿಡುವವರೆಗೂ ಯಾವ ಗಾಡಿ ಬಂದರೂ ತಂದವರನ್ನು ಕೂರಿಸಿ ಕಾಫಿ ಕೊಟ್ಟೆ. ದಾರಿಯಲ್ಲಿ ಏನೇನು ಮಾಡಿದಿರಿ ಎಂದು ಕೇಳಿದೆ, ಬರೆದುಕೊಂಡೆ. ನನ್ನ ಕೈಕೆಳಗಿನವರು ಒಳಗೆ ಹಲ್ಲು ಕಡಿಯುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು. ನೀನೂ ಹಾಗೇ ಮಾಡು. ನೀನು ಕೇಳಿದ ಅಡ್ವೈಸು ಇಷ್ಟೇ.

ಆದರೆ ಆ ವಿಚಾರಣೆ ಮುಗಿದ ದಿನದ್ದು ಒಂದು ಉಳಿದಿದೆ. ಎಲ್ಲರೂ ಏಳುತ್ತಿದ್ದಾಗ ರೇಮಂಡ್ ತನ್ನ ವಕೀಲನ ಕಿವಿಯಲ್ಲಿ ಏನೋ ಹೇಳಿದ. ವಕೀಲ ನನ್ನನ್ನು ಹತ್ತಿರ ಕರೆದ. ಹುಡುಗ ತೆಳ್ಳಗಾಗಿದ್ದ, ಮುಖ ತಾಯಿಯದೇ. ಅವನು ಬೈಯುತ್ತಾನೆ ಎಂದುಕೊಂಡು ಹೋದೆ, ನಿಜವಾಗಿ ಅದನ್ನೇ ಬಯಸಿದೆ.

"ಡಾಕ್ಟರ್ ಮ್ಯಾಮ್," ಎಂದ, "ನಿಮಗೆ ಗೊತ್ತಾದದ್ದು ಯಾವತ್ತು?"

ದಿನ ಹೇಳಿದೆ.

ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ. "ಆವಾಗ ಅಮ್ಮ ಇದ್ದಳು," ಎಂದ. "ಅವಳಿಗೆ ಯಾರಾದರೂ ಹೇಳಿದರಾ?"

"ಇಲ್ಲ," ಎಂದೆ. "ನಾನು ತಡ ಮಾಡಿದೆ."

ಅವನು ಎರಡನೇ ಸಾಲಿನ ಬೆಂಚಿನ ಕಡೆ ಒಂದು ಸಲ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಪೊಲೀಸಿನವನು ಕೈಕೋಳ ಹಿಡಿದು ಬಂದ. ರೇಮಂಡ್ ಎರಡೂ ಕೈಯನ್ನು ತಾನೇ ಜೋಡಿಸಿ ಅವನ ಮುಂದೆ ಚಾಚಿದ.